ಅಂತರ್ಜಾಲದ ಅಂಗಡಿಯೂ ದೇಶದ ಪತ್ರಿಕೆಗಳೂ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಉಪಯುಕ್ತವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ನನಗೆ ಮೊದಲು ನೆನಪಾದದ್ದು ನಾನು ಹಣ ತೆತ್ತು ಕಲಿತ ಒಂದು ಪಾಠ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುತ್ತ ಬೆಳೆದ ಕಂಬಂ ಕಣಿವೆಯ ನಮ್ಮ ಮಕ್ಕಳು ಇಂದು ಏಲಕ್ಕಿ, ದ್ರಾಕ್ಷಿ, ಸೀರೆಗಳನ್ನು ಅಂತರ್ಜಾಲದ ಮೂಲಕ ಮಾರಲು ಮುಂದಾಗುತ್ತಿದ್ದಾರೆ. ಅಂಗಡಿ ತೆರೆದೊಡನೆ ಅವರು ಕೇಳುವ ಪ್ರಶ್ನೆ ಒಂದೇ: ದೇಶದ ದೊಡ್ಡ ಪತ್ರಿಕೆಗಳಲ್ಲಿ ನಮ್ಮ ಸುದ್ದಿ ಬರುವಂತೆ ಮಾಡುವುದು ಹೇಗೆ?

ಏಲಕ್ಕಿಯ ಅಂತರ್ಜಾಲ ಅಂಗಡಿಯನ್ನು ತೆರೆದಾಗ ಈ ಆಸೆ ನನಗೂ ಇತ್ತು. ‘ಉತ್ಕೃಷ್ಟ ಗುಣಮಟ್ಟ, ನ್ಯಾಯವಾದ ಬೆಲೆ’ ಎಂದು ಎರಡು ಪುಟ ಬರೆದು ಹತ್ತಾರು ಪತ್ರಿಕೆಗಳಿಗೆ ಕಳುಹಿಸಿದೆ. ಒಂದು ಉತ್ತರವೂ ಬರಲಿಲ್ಲ. ಬಳಿಕ, ಪ್ರಚಾರ ಮಾಡಿಸಿಕೊಡುವುದಾಗಿ ಹೇಳಿದ ಒಬ್ಬರಿಗೆ ಮಗಳ ಕಾಲೇಜು ಶುಲ್ಕಕ್ಕೆಂದು ತೆಗೆದಿರಿಸಿದ್ದ ಹಣವನ್ನು ಕೊಟ್ಟೆ. ಅಚ್ಚಾದದ್ದು ಸುದ್ದಿಯಲ್ಲ, ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಜಾಹೀರಾತು’ ಎಂದು ನಮೂದಿಸಿದ್ದ ಬರಹ. ಅದನ್ನು ನೋಡಿ ಬಂದ ಗ್ರಾಹಕರು ಮೂವರು. ಶುಲ್ಕವನ್ನು ಸಾಲ ಮಾಡಿ ಕಟ್ಟಬೇಕಾಯಿತು. ಆ ಬರಹವನ್ನು ಓದಿದ ಮಗಳು, “ಅಪ್ಪಾ, ಇದರಲ್ಲಿ ನಿಮ್ಮ ಹೊಗಳಿಕೆಯೇ ತುಂಬಿದೆ. ಓದುವವರಿಗೆ ಏನಿದೆ?” ಎಂದಳು. ನನ್ನ ತಪ್ಪು ಅಷ್ಟರಲ್ಲಿಯೇ ಇತ್ತು. ಅಂಗಡಿ ತೆರೆದದ್ದು ನಮಗೆ ಸಂಭ್ರಮ; ಪತ್ರಿಕೆಗೆ ಅದು ಸುದ್ದಿಯಲ್ಲ. ಓದುಗನ ಬದುಕನ್ನು ತಟ್ಟುವ ಸಂಗತಿ ಮಾತ್ರ ಸುದ್ದಿ.

ಇದಕ್ಕೆ ಬೆಂಗಳೂರಿನ ‘ರೆಡ್‌ಬಸ್’ ಉತ್ತಮ ನಿದರ್ಶನ. 2005ರ ದೀಪಾವಳಿಯಲ್ಲಿ ಊರಿಗೆ ಹೋಗಲು ಫಣೀಂದ್ರ ಸಾಮಾ ಎಂಬ ತರುಣ ಇಂಜಿನಿಯರರಿಗೆ ಬಸ್ಸಿನ ಟಿಕೆಟು ದೊರೆಯಲಿಲ್ಲ. ಯಾವ ಬಸ್ಸಿನಲ್ಲಿ ಆಸನ ಉಳಿದಿದೆಯೆಂದು ಒಂದೇ ಕಡೆ ತಿಳಿಯುವ ವ್ಯವಸ್ಥೆ ಅಂದು ಇರಲಿಲ್ಲ. ಈ ತೊಡಕನ್ನು ಬಿಡಿಸಲು ಅವರು ಸುಧಾಕರ ಪಸುಪುನೂರಿ ಮತ್ತು ಚರಣ್ ಪದ್ಮರಾಜು ಎಂಬ ಮಿತ್ರರೊಡಗೂಡಿ 2006ರಲ್ಲಿ ಸಂಸ್ಥೆಯನ್ನು ಆರಂಭಿಸಿದರು. 2013ರಲ್ಲಿ ಐಬಿಬೊ ಸಮೂಹವು ಅದನ್ನು ಕೊಂಡಿತು. ಈ ಸಂಸ್ಥೆಯ ಬಗ್ಗೆ ಬರೆದವರೆಲ್ಲ ಮತ್ತೆ ಮತ್ತೆ ಹೇಳಿದ್ದು ಆ ದೀಪಾವಳಿಯ ಕಥೆಯನ್ನೇ. ಹಬ್ಬಕ್ಕೆ ಊರು ಸೇರಲಾಗದೆ ಪರದಾಡಿದ ಅನುಭವ ಓದುಗನದೂ ಆಗಿತ್ತು. ಗಣಕಯಂತ್ರದ ತಂತ್ರಾಂಶವು ಅವನದಾಗಿರಲಿಲ್ಲ.

ನಮ್ಮ ಸೀಮೆಯಲ್ಲಿಯೂ ಇಂಥ ಸಂಗತಿಗಳಿಗೆ ಕೊರತೆಯಿಲ್ಲ. 2019ರಲ್ಲಿ ದಿಂಡಿಗಲ್ಲಿನ ಬೀಗಕ್ಕೂ, 2023ರಲ್ಲಿ ಕಂಬಂನ ಪನ್ನೀರ್ ದ್ರಾಕ್ಷಿಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ದೇಶದ ಪತ್ರಿಕೆಗಳು ತಾವಾಗಿಯೇ ಬರೆದವು. ಅಲ್ಲಿ ಸರ್ಕಾರದ ದಾಖಲೆಯಿತ್ತು, ದಿನಾಂಕವಿತ್ತು, ಊರಿಗೇ ವಿಶಿಷ್ಟವಾದ ಕಾರಣವಿತ್ತು. ಬೇರೆಡೆ ದ್ರಾಕ್ಷಿಗೆ ಒಂದು ಋತುವಾದರೆ ಕಂಬಂನಲ್ಲಿ ವರ್ಷವಿಡೀ ಕೊಯ್ಲು. ದ್ರಾಕ್ಷಿ ಮಾರುವ ತರುಣನು ತನ್ನ ಅಂಗಡಿಯನ್ನು ಹೊಗಳುವ ಬದಲು ಈ ಕೊಯ್ಲಿನ ಕಥೆಯನ್ನು ಹೇಳಿದರೆ, ಅಂಗಡಿಯ ಹೆಸರು ಅದರೊಳಗೆ ಸಹಜವಾಗಿ ಬಂದೀತು.

ನಾನು ಎರಡನೆಯ ಬಾರಿ ಬರೆದದ್ದು ಅರ್ಧ ಪುಟ ಮಾತ್ರ. ಏಲಕ್ಕಿಗೆ ಕೃತಕ ಬಣ್ಣ ಹಾಕುವ ಮೋಸವನ್ನು ಕುರಿತು, ಒದ್ದೆಯಾದ ಬಿಳಿಯ ಬಟ್ಟೆಯಲ್ಲಿ ಕಾಯಿಯನ್ನು ಉಜ್ಜಿ ನೋಡುವ ಬಗೆಯನ್ನು ವಿವರಿಸಿದೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಪ್ರಶ್ನೆಗಳಿಗೆ ಮೊದಲ ಕೆಲವು ಸಾಲುಗಳಲ್ಲಿಯೇ ಉತ್ತರವಿತ್ತೆ. ಸ್ವಚ್ಛವಾದ ಎರಡು ಛಾಯಾಚಿತ್ರಗಳನ್ನೂ ದೂರವಾಣಿ ಸಂಖ್ಯೆಯನ್ನೂ ಸೇರಿಸಿದೆ. ದೆಹಲಿಯ ಸಂಪಾದಕರಿಗೆ ಕಳುಹಿಸದೆ, ತೇನಿಯ ಜಿಲ್ಲಾ ವರದಿಗಾರರೊಬ್ಬರ ಕೈಗೆ ಕೊಟ್ಟೆ. ಅವರು ಬೋಡಿನಾಯಕನೂರಿನ ವ್ಯಾಪಾರಿಗಳನ್ನು ವಿಚಾರಿಸಿ, ನನ್ನ ಮಾತನ್ನು ಪರೀಕ್ಷಿಸಿ ಬರೆದರು. ವರದಿ ಮೊದಲು ಜಿಲ್ಲೆಯ ಪುಟದಲ್ಲಿ, ವಾರದ ಬಳಿಕ ಪತ್ರಿಕೆಯ ಇತರ ಆವೃತ್ತಿಗಳಲ್ಲಿ ಬಂದಿತು. ಸುದ್ದಿ ಸಾಮಾನ್ಯವಾಗಿ ಹೀಗೆಯೇ ಮೇಲೇರುತ್ತದೆ. ಪಿ.ಟಿ.ಐ.ಯಂಥ ಸುದ್ದಿಸಂಸ್ಥೆ ಕೈಗೆತ್ತಿಕೊಂಡರಂತೂ ಒಂದೇ ವರದಿಯು ಅನೇಕ ಪತ್ರಿಕೆಗಳಿಗೆ ತಲುಪುತ್ತದೆ.

ಆದರೆ ಇನ್ನೊಂದು ಪಾಠ ಕಾದಿತ್ತು. ಆ ವಾರ ಬಂದ ಬೇಡಿಕೆಯನ್ನು ಪೂರೈಸುವಷ್ಟು ಏಲಕ್ಕಿಯೂ ಡಬ್ಬಿಗಳೂ ನನ್ನಲ್ಲಿರಲಿಲ್ಲ. ಹಲವರಿಗೆ ಹಣ ಹಿಂದಿರುಗಿಸಿ ಕ್ಷಮೆ ಕೇಳಬೇಕಾಯಿತು. ಹೆಸರನ್ನು ತಂದ ಪತ್ರಿಕೆಯೇ ಅಪಕೀರ್ತಿಯನ್ನೂ ತರಬಲ್ಲದು. ಯಶೋದಾ ಮತ್ತು ರಿಯಾ ಕರುತುರಿ ಸೋದರಿಯರು 2019ರಲ್ಲಿ ಬೆಂಗಳೂರಿನಲ್ಲಿ ಪೂಜೆಯ ಹೂಗಳ ವ್ಯಾಪಾರವನ್ನು ಆರಂಭಿಸಿದರು. ಅವರ ‘ಹೂವು ಫ್ರೆಶ್’ ಸಂಸ್ಥೆಯು ‘ಶಾರ್ಕ್ ಟ್ಯಾಂಕ್ ಇಂಡಿಯಾ’ ಕಾರ್ಯಕ್ರಮದ ಮೂಲಕ ದೇಶದ ದೂರದರ್ಶನ ವೀಕ್ಷಕರ ಮುಂದೆ ಬಂದದ್ದು 2023ರಲ್ಲಿ. ಬೇಗ ಬಾಡುವ ಹೂವನ್ನು ಮನೆಮನೆಗೆ ಮುಟ್ಟಿಸುವ ಅಭ್ಯಾಸ ಅಷ್ಟರೊಳಗೆ ಅವರಿಗೆ ಆಗಿತ್ತು. ದ್ರಾಕ್ಷಿ ಮಾರುವವರು ಇದನ್ನು ಗಮನಿಸಬೇಕು.

ಹೊಸದಾಗಿ ಅಂಗಡಿ ತೆರೆಯುವ ಕಿರಿಯರಿಗೆ ನನ್ನ ಬಿನ್ನಹವಿಷ್ಟು. ಮೊದಲು ನೂರು ಗ್ರಾಹಕರನ್ನು ತೃಪ್ತಿಪಡಿಸಿರಿ. ಅನಂತರ ಅವರ ಯಾವ ಕಷ್ಟವನ್ನು ನೀವು ನೀಗಿಸಿದಿರೆಂಬುದನ್ನು, ಸತ್ಯಕ್ಕೆ ಒಂದಕ್ಷರವನ್ನೂ ಕೂಡಿಸದೆ ಬರೆಯಿರಿ. ಪ್ರಬಂಧದ ತರಗತಿಯಲ್ಲಿ ನಮ್ಮ ಗುರುಗಳು ಅಲಂಕಾರದ ಮಾತುಗಳನ್ನು ಕೆಂಪು ಶಾಯಿಯಿಂದ ಹೊಡೆದುಹಾಕುತ್ತಿದ್ದರು. ಆ ಕೆಂಪು ಶಾಯಿಯ ಬೆಲೆ ನನಗೆ ತಿಳಿದದ್ದು ಮಗಳ ಶುಲ್ಕದ ಹಣ ಕಳೆದ ಮೇಲೆ. ನಿಮಗಾದರೂ ಅದು ಮೊದಲೇ ತಿಳಿದಿರಲಿ.