ಪುಸ್ತಕದ ಗೋಪುರ ಸೆರಗಿಗೆ ಇಳಿಯುವ ಬಗೆ

ಕಸೂತಿ ನಕ್ಷೆಗಳ ಪುಸ್ತಕ ಕೊಳ್ಳುವವರು ಹೆಚ್ಚು, ಅದನ್ನು ಬಳಸುವವರು ಕಡಿಮೆ. ಗ್ರಾಫ್ ಹಾಳೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ ಎಲ್ಲ ಚೆಂದಾಗಿಯೇ ಇರುತ್ತವೆ. ಸೂಜಿ ಎಲ್ಲಿ ಶುರುವಾಗಬೇಕು, ಯಾವ ಕಡೆ ತಿರುಗಬೇಕು ಅನ್ನುವುದನ್ನು ಮಾತ್ರ ಹಾಳೆ ಹೇಳುವುದಿಲ್ಲ.

ಸ್ವೆಟರ್ ಹೆಣಿಗೆಯ ಪುಸ್ತಕದಲ್ಲಿ ಈ ತೊಂದರೆ ಇಲ್ಲ. ಅಮೆರಿಕದ ಬಾರ್ಬರಾ ವಾಕರ್ 1968ರಲ್ಲಿ ಹೊರತಂದ ಹೆಣಿಗೆ ವಿನ್ಯಾಸಗಳ ಸಂಗ್ರಹವನ್ನೇ ನೋಡಿ: ಮೊದಲ ಸಾಲಿಗೆ ಇಷ್ಟು ಸೀದಾ, ಇಷ್ಟು ಉಲ್ಟಾ, ಎರಡನೆಯದಕ್ಕೆ ಹೀಗೆ ಎಂದು ಸಾಲುಸಾಲಾಗಿ ಬರೆದಿದೆ. ಉಲ್ಲನ್ ದಾರಕ್ಕೆ ಸಾಲು ಬಿಟ್ಟರೆ ಬೇರೆ ದಾರಿಯೇ ಇಲ್ಲ. ಕಸೂತಿಯ ಎಳೆಗೆ ಹತ್ತು ದಾರಿಗಳಿವೆ, ಅದರಲ್ಲಿ ಸರಿಯಾದದ್ದನ್ನು ನಾವೇ ಹುಡುಕಿಕೊಳ್ಳಬೇಕು.

ಕಸೂತಿಯ ತವರು ಧಾರವಾಡದ ಸೀಮೆ. ಆದರೆ ಅದು ಕೂತ ಬಟ್ಟೆ ನಮಗೂ ಹತ್ತಿರದ್ದೇ. ಸಿರವಾರದಿಂದ ಲಿಂಗಸುಗೂರು, ಮುದಗಲ್ಲು ದಾಟಿದರೆ ಇಳಕಲ್ಲು. ಮಾನ್ವಿ, ದೇವದುರ್ಗದ ಹಿರಿಯ ಹೆಂಗಸರು ಉಟ್ಟು ಬಂದ ಸೀರೆಯೂ ಅದೇ. ಹಾಗಾಗಿ ಇಳಕಲ್ ಸೀರೆಯ ಸೆರಗನ್ನೋ ಖಣದ ಕುಪ್ಪಸವನ್ನೋ ಮುಂದಿಟ್ಟುಕೊಂಡೇ ಪುಸ್ತಕ ಬಿಚ್ಚೋಣ.

ಮೊದಲು ಹಾಳೆಯಲ್ಲಿ ಯಾವ ಹೊಲಿಗೆ ಇದೆ ಎಂದು ಗುರುತಿಸಬೇಕು. ಚೌಕದ ಅಂಚಿನ ಮೇಲೆ ಅಥವಾ ಮೂಲೆಯಿಂದ ಮೂಲೆಗೆ ಗೆರೆ ಎಳೆದಿದ್ದರೆ ಅದು ಗವಂತಿ. ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ಮುರಗಿ. ಚೌಕದೊಳಗೆ ಗುಣಾಕಾರದ ಗುರುತಿದ್ದರೆ ಮೆಂತಿ. ಉದ್ದ-ಗಿಡ್ಡ ಅಡ್ಡಗೆರೆಗಳು ಸಾಲಾಗಿ ಬಂದಿದ್ದರೆ ನೇಗಿ, ಅದು ಬಟ್ಟೆಯಲ್ಲೇ ನೇಯ್ದಂತೆ ಕಾಣುತ್ತದೆ. ಗವಂತಿ ಮತ್ತು ಮುರಗಿ ಸೀರೆಯ ಎರಡೂ ಮಗ್ಗುಲಿಗೆ ಒಂದೇ ರೀತಿ ಕಾಣಬೇಕು. ಮೆಂತಿ, ನೇಗಿಗಳ ಹಿಂಬದಿ ಬೇರೆಯೇ ಇರುತ್ತದೆ. ಗಾಳಿಗೆ ಮಗುಚುವ ಸೆರಗಿಗೆ ಗವಂತಿಯಷ್ಟು ಒಪ್ಪುವ ಹೊಲಿಗೆ ಇನ್ನೊಂದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆಮೇಲೆ ಲೆಕ್ಕ. ಪುಸ್ತಕದ ಚೌಕಕ್ಕೆ ಅಳತೆ ಇಲ್ಲ, ಅದನ್ನು ಕೊಡುವುದು ಬಟ್ಟೆ. ಒಂದು ಇಂಚಿನಲ್ಲಿ ಅಡ್ಡಕ್ಕೆ 40 ಎಳೆ ಇವೆ, ಒಂದು ಹೊಲಿಗೆಗೆ 4 ಎಳೆ ಹಿಡಿಯುತ್ತೀರಿ ಅನ್ನೋಣ. ಆಗ ಇಂಚಿಗೆ 10 ಚೌಕ, 50 ಚೌಕ ಅಗಲದ ಗೋಪುರ 5 ಇಂಚು ಹಿಡಿಯುತ್ತದೆ. ಉದ್ದಕ್ಕೂ ಇನ್ನೊಮ್ಮೆ ಎಣಿಸಲೇಬೇಕು. ಅಲ್ಲಿ 48 ಎಳೆ ಇದ್ದರೆ ಇಂಚಿಗೆ 12 ಚೌಕ ಬರುತ್ತವೆ, 60 ಚೌಕ ಎತ್ತರದ ಗೋಪುರ 6 ಇಂಚಿಗೆ ಏರುವ ಬದಲು 5ಕ್ಕೇ ನಿಂತು ಕುಳ್ಳಾಗುತ್ತದೆ. ಎಳೆ ಎಣಿಸಲಾಗದಷ್ಟು ನವಿರಾದ ಬಟ್ಟೆಯಾದರೆ ಮೇಲೆ ಜಾಳಿ ಬಟ್ಟೆ ಹೊಲಿದುಕೊಂಡು, ಕಸೂತಿ ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಕಲಿಯುವವರಿಗೆ ಮ್ಯಾಟಿ ಬಟ್ಟೆ ಸಾಕು.

ಅಂಚಿನ ನಕ್ಷೆಗೂ ಇದೇ ಲೆಕ್ಕ. 14 ಚೌಕಕ್ಕೊಮ್ಮೆ ಮರುಕಳಿಸುವ ಬಳ್ಳಿಯನ್ನು 450 ಚೌಕದ ಅಗಲಕ್ಕೆ ಹಾಕಿದರೆ 32 ಸಲ ಬಂದು 2 ಚೌಕ ಉಳಿಯುತ್ತವೆ. ನಡುವಿನಿಂದ ಶುರುಮಾಡಿದರೆ ಆಚೆ ಒಂದು, ಈಚೆ ಒಂದು ಹಂಚಿಹೋಗುತ್ತದೆ.

ಇನ್ನು ದಾರಿಯ ವಿಚಾರ, ಎಲ್ಲಕ್ಕಿಂತ ಮುಖ್ಯವಾದದ್ದು. ಗವಂತಿಯಲ್ಲಿ ಸೂಜಿ ಪ್ರತಿಯೊಂದು ಗೆರೆಯ ಮೇಲೂ ಎರಡು ಸಲ ನಡೆಯುತ್ತದೆ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಖಾಲಿ ಬಿಟ್ಟ ಜಾಗ ತುಂಬುತ್ತದೆ. ಒಂದೇ ನೇರ ಗೆರೆಗೆ ಇದು ಸುಲಭ. ಗೋಪುರಕ್ಕೆ ಕಳಸ, ಗೂಡು, ಮೆಟ್ಟಿಲು ಎಂದು ಕವಲುಗಳಿವೆಯಲ್ಲ, ಅಲ್ಲೇ ಕೈ ತಡವರಿಸುವುದು. ಉಪಾಯ ಹೀಗಿದೆ: ಬುಡದ ಒಂದು ಮೂಲೆಯಿಂದ ಮುಖ್ಯ ಗೆರೆ ಹಿಡಿದು ಹೊರಡಿ. ಕವಲು ಎದುರಾದಾಗಲೆಲ್ಲ ಅದರೊಳಗೆ ಹೋಗಿ, ತುದಿ ಮುಟ್ಟಿ, ತುಂಬಿಕೊಂಡು ಹಿಂದೆ ಬಂದೇ ಮುಂದೆ ಸಾಗಿ. ಊರಲ್ಲಿ ಲಗ್ನಪತ್ರಿಕೆ ಹಂಚುವವರು ಒಂದೊಂದು ಓಣಿಯ ಕೊನೆತನಕ ಹೋಗಿ ಮತ್ತೆ ದೊಡ್ಡ ರಸ್ತೆಗೆ ಬರುತ್ತಾರಲ್ಲ, ಹಾಗೆ. ಮೂರು ಹೊಲಿಗೆಯ ಕವಲಿಗೆ ಹೋಗಿಬರುವುದು ಆರು, ಐದರದಕ್ಕೆ ಹತ್ತು. ಲೆಕ್ಕ ಯಾವಾಗಲೂ ಸಮಸಂಖ್ಯೆಯೇ. ಆದ್ದರಿಂದ ಕವಲಿಗೆ ತಿರುಗದೆ ಸಾಗಿದ್ದರೆ ಮುಂದಿನ ಹೊಲಿಗೆ ಮೇಲೆ ಬೀಳುತ್ತಿತ್ತೋ ಕೆಳಗೋ, ಈಗಲೂ ಹಾಗೆಯೇ ಬೀಳುತ್ತದೆ.

ಮುಚ್ಚಿದ ಚೌಕ ಬಂದಾಗ ಒಂದು ಎಚ್ಚರ. ನಾಲ್ಕು ಹೊಲಿಗೆ ಸುತ್ತಿ ಹೊರಟಲ್ಲಿಗೇ ಬಂದಿರಿ. ಮತ್ತೆ ಅದೇ ದಿಕ್ಕಿಗೆ ಸುತ್ತಿದರೆ ಹಾಕಿದ ಹೊಲಿಗೆಯ ಮೇಲೇ ಹೊಲಿಗೆ ಬೀಳುತ್ತದೆ, ಖಾಲಿ ಜಾಗ ಖಾಲಿಯೇ ಉಳಿಯುತ್ತದೆ. ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಬೇಕು. ಈ ಎರಡು ನಿಯಮ ಹಿಡಿದರೆ, ಗೆರೆಗೆ ಗೆರೆ ಕೂಡಿಕೊಂಡಿರುವ ಯಾವ ನಕ್ಷೆಯನ್ನಾದರೂ ಗಂಟಿಲ್ಲದೆ ಮುಗಿಸಿ ಶುರುವಾದ ರಂಧ್ರಕ್ಕೇ ಮರಳಬಹುದು. ಇದರಲ್ಲಿ ಅದೃಷ್ಟದ ಮಾತಿಲ್ಲ, ಗಣಿತವೇ ಹಾಗಿದೆ. ಓದುಬರಹ ಕಲಿಯದ ಹೆಂಗಸರೂ ತಲೆತಲಾಂತರದಿಂದ ಈ ಗಣಿತವನ್ನು ಬೆರಳಲ್ಲೇ ಮಾಡಿಕೊಂಡು ಬಂದರು ಎಂಬುದನ್ನು ನೆನೆದಾಗ ನನಗೆ ಅಪಾರ ಗೌರವ ಮೂಡುತ್ತದೆ.

ಯುರೋಪಿನಲ್ಲಿ ಇದೇ ಹೊಲಿಗೆಗೆ ಹೋಲ್ಬೀನ್ ಹೊಲಿಗೆ ಎನ್ನುತ್ತಾರೆ. 1543ರಲ್ಲಿ ತೀರಿಕೊಂಡ ಚಿತ್ರಕಾರ ಹಾನ್ಸ್ ಹೋಲ್ಬೀನ್ ಬರೆದ ಭಾವಚಿತ್ರಗಳಲ್ಲಿ, ರಾಣಿ ಜೇನ್ ಸೀಮೋರಳ ತೋಳಿನ ಅಂಚಿನಲ್ಲೂ, ಇಂಥ ಕಸೂತಿ ಕಾಣುತ್ತದೆ.

ಎಲ್ಲಕ್ಕೂ ಮುಂಚೆ ನಕ್ಷೆಯಲ್ಲಿ ಒಂಟಿ ತುಣುಕುಗಳಿವೆಯೇ ನೋಡಿಕೊಳ್ಳಿ. ನವಿಲಿನ ಕಣ್ಣು, ಗೋಪುರದೊಳಗಿನ ಒಂದು ಚುಕ್ಕಿ ಉಳಿದ ಗೆರೆಗೆ ಅಂಟಿರದಿದ್ದರೆ ಅಲ್ಲಿಗೆ ಹೋಗುವ ಎಳೆ ಹಿಂಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಸಣ್ಣ ಗೆರೆ ಸೇರಿಸಿ ಕೂಡಿಸಿಬಿಡಿ, ಇಲ್ಲವೇ ಆ ತುಣುಕನ್ನು ಕೈಬಿಡಿ. ನಕ್ಷೆ ತಿದ್ದಲು ಹಿಂಜರಿಯಬೇಕಿಲ್ಲ. ದಾರಿಯನ್ನು ಮೊದಲು ಪೆನ್ಸಿಲಿನಲ್ಲಿ ಗುರುತಿಸಿ, ಬಾಣ ಹಾಕಿ, ಆಮೇಲೆ ಸೂಜಿ ಪೋಣಿಸಿ. ಆರೆಳೆಯ ಆಂಕರ್ ದಾರದಲ್ಲಿ ಒಂದೆರಡು ಎಳೆ ಬಿಡಿಸಿಕೊಂಡರೆ ಸಾಕು. ಶುರುವಿನ ತುದಿಯನ್ನು ಗಂಟು ಹಾಕದೆ ಉದ್ದ ಬಿಟ್ಟು, ಕೊನೆಗೆ ಹಾಕಿದ ಹೊಲಿಗೆಗಳ ಜೊತೆಯಲ್ಲೇ ಓಡಿಸಿ ಮರೆಮಾಡಬೇಕು. ದೊಡ್ಡ ಗೋಪುರ, ತೇರು ಸೆರಗಿನ ಹತ್ತಿರ, ಒಡಲ ಕಡೆ ಹೋದಂತೆ ಸಣ್ಣ ನಕ್ಷೆ ಎನ್ನುವುದು ಹಳೆಯ ಪದ್ಧತಿ.

ಮನೆಯಲ್ಲಿ ಅಜ್ಜಿಯ ಕಸೂತಿ ಸೀರೆ ಇದ್ದರೆ ಅದೂ ಪುಸ್ತಕವೇ. ಭೂತಗನ್ನಡಿ ಹಿಡಿದು ಒಂದೊಂದು ಹೊಲಿಗೆಯನ್ನು ಗ್ರಾಫ್ ಹಾಳೆಗೆ ಇಳಿಸಿ. ಪಕ್ಕದಲ್ಲಿ ಸೀರೆ ಯಾರದು, ನಕ್ಷೆ ಸೆರಗಿನಲ್ಲಿತ್ತೋ ಒಡಲಲ್ಲೋ, ಹೊಲಿಗೆಗೆ ಎಷ್ಟು ಎಳೆ, ಯಾವ ಬಣ್ಣ ಎಂದು ಬರೆದು, ಅಂಗಡಿಯಿಂದ ತಂದ ಪುಸ್ತಕದೊಳಗೇ ಆ ಹಾಳೆಯನ್ನು ಅಂಟಿಸಿಡಿ.