ಅವಧಿ ಮೀರಿದ ಶೀಟ್ ಫಿಲ್ಮ್‌ನ ಪರೀಕ್ಷೆ

ಪೆಟ್ಟಿಗೆಯ ಮೇಲಿನ ತಾರೀಕು ದಾಟಿದ ಮಾತ್ರಕ್ಕೆ ಕಪ್ಪು-ಬಿಳುಪು ಫಿಲ್ಮ್ ಕೆಟ್ಟುಹೋಗುವುದಿಲ್ಲ. ಅದರ ವೇಗ ಕುಂದುತ್ತದೆ, ಬೆಳಕು ತಾಗದ ಕಡೆಯೂ ಮಬ್ಬು ಕವಿಯುತ್ತದೆ. ಫ್ರಿಜ್‌ನಲ್ಲಿಟ್ಟದ್ದು ಬಾಳುತ್ತದೆ, ಕಾದ ಅಟ್ಟದಲ್ಲಿಟ್ಟದ್ದು ಬೇಗ ಹಾಳು. 400 ಐಎಸ್‌ಒ ಫಿಲ್ಮ್‌ಗಿಂತ 100ರದ್ದು ಹೆಚ್ಚು ನಂಬಿಕಸ್ತ.

ಮೊದಲು ಬೆಳಕು ಕಾಣಿಸದ ಒಂದು ಹಾಳೆಯನ್ನು ಡೆವಲಪ್ ಮಾಡಿದರೆ ಮಬ್ಬೆಷ್ಟೆಂದು ತಿಳಿಯುತ್ತದೆ. ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ದೀಪವೂ ಆಗದು, ಗಾಢ ಕತ್ತಲೆಯೇ ಬೇಕು. ಅಂಚಿನ ಕಚ್ಚು ಮೇಲಿನ ಬಲಮೂಲೆಯಲ್ಲಿ ಬೆರಳಿಗೆ ಸಿಕ್ಕರೆ ಎಮಲ್ಷನ್ ನಮ್ಮ ಕಡೆಗಿದೆ ಎಂದರ್ಥ.

ಎರಡನೆಯ ಹಾಳೆಗೆ ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿಯಂಥ ವಸ್ತು ಸಿಕ್ಕರೆ ಅದೃಷ್ಟ. 1171ರ ಈ ಹೊಯ್ಸಳ ಗುಡಿಯಲ್ಲಿ ಬಿಸಿಲ ಗೋಡೆಯೂ ನೆರಳಿನ ಕುಸುರಿಯೂ ಒಂದೇ ಚೌಕಟ್ಟಿಗೆ ಬರುತ್ತವೆ. ಡಾರ್ಕ್ ಸ್ಲೈಡ್ ಪೂರ್ತಿ ತೆಗೆದು 1 ಸೆಕೆಂಡ್ ಬೆಳಕು ಕೊಡಬೇಕು. ಬಳಿಕ ಅದನ್ನು ಸ್ವಲ್ಪ ಸ್ವಲ್ಪವೇ ತಳ್ಳುತ್ತ ಮತ್ತೆ 1, 2, 4 ಸೆಕೆಂಡ್. ಹಾಳೆಯ ಮೇಲೆ 1, 2, 4, 8 ಸೆಕೆಂಡಿನ ಪಟ್ಟಿಗಳು ಮೂಡುತ್ತವೆ. ಕುಸುರಿ ಸ್ಪಷ್ಟವಾಗಿ ಕಂಡ ಮೊದಲ ಪಟ್ಟಿಯೇ ಆ ಪೆಟ್ಟಿಗೆಯ ನಿಜವಾದ ವೇಗ ಹೇಳುತ್ತದೆ. ದಶಕಕ್ಕೊಂದು ಸ್ಟಾಪ್ ಹೆಚ್ಚಿಸಿ ಎಂಬ ಬಾಯಿಮಾತು ಬರೀ ಅಂದಾಜು.

ಮಬ್ಬು ವಿಪರೀತವಿದ್ದರೆ ಡೆವಲಪರ್‌ಗೆ ತುಸು ಬೆಂಜೋಟ್ರಯಜೋಲ್ ಬೆರೆಸುವುದುಂಟು. ಅದು ವೇಗವನ್ನೂ ಇಳಿಸುವುದರಿಂದ ಪರೀಕ್ಷೆಯನ್ನು ಹೊಸದಾಗಿ ಮಾಡಬೇಕು.