ಎಂಜಿನ್ನಿಗೂ ಉಂಟು ‘ರಕ್ತಪರೀಕ್ಷೆ’!

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕಾರಿನ ಬಾನೆಟ್ ಎತ್ತಿ, ಎಂಜಿನ್ನಿನಿಂದ ಉದ್ದನೆಯ ಕಡ್ಡಿಯೊಂದನ್ನು ಹೊರಗೆಳೆಯುವುದನ್ನು ನೀವು ನೋಡಿರಬಹುದು. ಅದನ್ನು ಬಟ್ಟೆಯಿಂದ ಒರೆಸಿ, ಮತ್ತೆ ಒಳಗೆ ಇಳಿಸಿ, ಹೊರತೆಗೆದು, ಎಣ್ಣೆ ಎಲ್ಲಿಯವರೆಗೆ ಅಂಟಿದೆ ಎಂದು ನೋಡುತ್ತಾರೆ. ಕೆಲವರು ಒಂದು ಹನಿಯನ್ನು ಬೆರಳುಗಳ ನಡುವೆ ತಿಕ್ಕುತ್ತಾರೆ, ಮೂಸಿಯೂ ನೋಡುತ್ತಾರೆ. ಆಮೇಲೆ “ಆಯಿಲ್ ಕಪ್ಪಾಗಿದೆ, ಕೆಟ್ಟಿದೆ” ಎನ್ನುತ್ತಾರೆ.

ಕಪ್ಪಾದ ಎಣ್ಣೆಯೆಲ್ಲ ಕೆಟ್ಟ ಎಣ್ಣೆಯೆ? ಅಲ್ಲ. ಎಂಜಿನ್ ಆಯಿಲ್‌ಗೆ ಮಸಿಯನ್ನು ತೊಳೆದು ತನ್ನಲ್ಲೇ ತೇಲಿಸಿಕೊಳ್ಳುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಮಸಿ ಎಂಜಿನ್ನಿನ ಗೋಡೆಗೆ ಅಂಟಿಕೊಳ್ಳದೆ ಎಣ್ಣೆಯಲ್ಲಿ ಉಳಿದರೆ ಎಣ್ಣೆ ಕಪ್ಪಾಗಲೇಬೇಕು. ಅಂದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಎಣ್ಣೆ ಹಾಕಿದ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ. ಹಾಗೆಯೇ ನೋಡಲು ತಿಳಿಯಾಗಿರುವ ಎಣ್ಣೆಯೊಳಗೆ ಎಂಜಿನ್ನನ್ನೇ ಹಾಳುಮಾಡುವ ಕಣಗಳು ಅಡಗಿರಬಹುದು. ಕಣ್ಣಿಗೂ ಬೆರಳಿಗೂ ಸಿಗದ ಈ ಸುದ್ದಿಯನ್ನು ಪ್ರಯೋಗಾಲಯದಲ್ಲಿ ಎಣ್ಣೆಯಿಂದ ಹೊರಡಿಸಬಹುದು. ಎಂಜಿನ್ನಿನ ಒಂದು ಬೋಲ್ಟನ್ನೂ ಬಿಚ್ಚಬೇಕಾಗಿಲ್ಲ.

ಎಣ್ಣೆಗೆ ಎಂಜಿನ್ನಿನ ಗುಟ್ಟು ಹೇಗೆ ಗೊತ್ತು?

ಕಾರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಆಗ ಪ್ರತಿಯೊಂದು ಪಿಸ್ಟನ್ ಸೆಕೆಂಡಿಗೆ 50 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಲೋಹಕ್ಕೆ ಲೋಹ ಉಜ್ಜಿದರೆ ಎಷ್ಟು ಬಿಸಿಯಾಗಬೇಡ! ಹಾಗೆ ಉಜ್ಜದಂತೆ ತಡೆಯುವುದು ನಡುವೆ ಇರುವ ಎಣ್ಣೆಯ ಪೊರೆ. ಅದರ ದಪ್ಪ ಹಲವು ಕಡೆ ಕೆಲವೇ ಮೈಕ್ರೋಮೀಟರ್. ನಿಮ್ಮ ತಲೆಕೂದಲು ಸುಮಾರು 70 ಮೈಕ್ರೋಮೀಟರ್ ದಪ್ಪವಿದೆ. ಹೋಲಿಸಿ ನೋಡಿ.

ಎಂಜಿನ್ನಿನ ಅಡಿಯ ತಟ್ಟೆಯಲ್ಲಿ ಎಣ್ಣೆ ತುಂಬಿರುತ್ತದೆ. ಅಲ್ಲಿಂದ ಪಂಪು ಅದನ್ನು ಮೇಲೆತ್ತಿ, ಫಿಲ್ಟರಿನ ಮೂಲಕ ಹಾಯಿಸಿ, ಬೇರಿಂಗ್, ಪಿಸ್ಟನ್, ಕವಾಟಗಳಿಗೆಲ್ಲ ತಲಪಿಸುತ್ತದೆ. ಎಣ್ಣೆ ಮತ್ತೆ ಕೆಳಗಿಳಿದು ತಟ್ಟೆ ಸೇರುತ್ತದೆ. ನಮ್ಮ ದೇಹದಲ್ಲಿ ರಕ್ತ ಸುತ್ತುವಂತೆ ಇದು ಎಂಜಿನ್ನಿನ ಮೂಲೆಮೂಲೆಗೂ ಹೋಗಿಬರುತ್ತದೆ. ಹೋದಲ್ಲೆಲ್ಲ ಸವೆದ ಲೋಹದ ಪುಡಿಯನ್ನು ಹೊತ್ತು ತರುತ್ತದೆ. ದೊಡ್ಡ ಕಣಗಳು ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತವೆ. ತೀರ ಸಣ್ಣವು ನುಸುಳಿ ಎಣ್ಣೆಯಲ್ಲೇ ಉಳಿಯುತ್ತವೆ. ನಮಗೆ ಬೇಕಾದ ಸಾಕ್ಷಿ ಈ ನುಸುಳಿಕೊಂಡವುಗಳೇ!

ಎಂಜಿನ್ನಿನ ಎಲ್ಲ ಭಾಗಗಳನ್ನೂ ಒಂದೇ ಲೋಹದಿಂದ ಮಾಡಿರುವುದಿಲ್ಲ. ಸಿಲಿಂಡರಿನ ಒಳಗೋಡೆ ಮತ್ತು ತಿರುಗುವ ದಂಡಗಳಿಂದ ಬರುವುದು ಹೆಚ್ಚಾಗಿ ಕಬ್ಬಿಣ. ಪಿಸ್ಟನ್ನಿನಿಂದ ಬರುವುದು ಅಲ್ಯೂಮಿನಿಯಂ. ಪಿಸ್ಟನ್ ಉಂಗುರಗಳಿಗೆ ಕ್ರೋಮಿಯಂ ಲೇಪ ಇರುವುದುಂಟು. ಬೇರಿಂಗುಗಳಲ್ಲಿ ತಾಮ್ರ, ಸೀಸ, ತವರಗಳಿರುತ್ತವೆ. ಹೀಗಾಗಿ ಎಣ್ಣೆಯಲ್ಲಿ ಯಾವ ಲೋಹ ಹೆಚ್ಚಾಗಿದೆ ಎಂದು ತಿಳಿದರೆ ಯಾವ ಭಾಗ ಸವೆಯುತ್ತಿದೆ ಎಂದು ಊಹಿಸಬಹುದು. ಹೊರಗಿನಿಂದ ನುಗ್ಗುವ ಕಳ್ಳರೂ ಇದ್ದಾರೆ. ಮಣ್ಣಿನ ದೂಳಿನಲ್ಲಿ ಸಿಲಿಕಾನ್ ಇರುತ್ತದೆ. ಎಂಜಿನ್ನನ್ನು ತಂಪಾಗಿಡಲು ರೇಡಿಯೇಟರಿಗೆ ಹಾಕುವ ಕೂಲೆಂಟ್ ದ್ರವದಲ್ಲಿ ಸೋಡಿಯಂ ಅಥವಾ ಪೊಟ್ಯಾಸಿಯಂ ಲವಣಗಳಿರುತ್ತವೆ.

ಬೆಳಕಿನಿಂದ ಲೆಕ್ಕ

ಆದರೆ ಈ ಲೋಹಗಳ ಪ್ರಮಾಣ ಎಷ್ಟಿರುತ್ತದೆ ಗೊತ್ತೆ? ಅಳೆಯುವುದು ದಶಲಕ್ಷದಲ್ಲಿ ಎಷ್ಟು ಭಾಗ ಎಂಬ ಲೆಕ್ಕದಲ್ಲಿ. ಇದಕ್ಕೆ ‘ಪಿಪಿಎಂ’ ಎನ್ನುತ್ತಾರೆ. ಕಾರಿನಲ್ಲಿ 4 ಲೀಟರ್ ಎಣ್ಣೆ ಇದೆ, ಅದರಲ್ಲಿ 20 ಪಿಪಿಎಂ ಕಬ್ಬಿಣವಿದೆ ಎನ್ನೋಣ. 4 ಲೀಟರ್ ಎಣ್ಣೆಯ ತೂಕ ಸುಮಾರು ಮೂರೂವರೆ ಕಿಲೋಗ್ರಾಂ. ಹಾಗಾದರೆ ಒಟ್ಟು ಕಬ್ಬಿಣ ಬರೀ 70 ಮಿಲಿಗ್ರಾಂ, ಮೂರು ಅಕ್ಕಿಕಾಳಿನಷ್ಟು ತೂಕ! ಅದೂ ನಾಲ್ಕು ಲೀಟರಿನಲ್ಲಿ ಹರಡಿಹೋಗಿದೆ. ಇದನ್ನು ತಕ್ಕಡಿಯಲ್ಲಿ ತೂಗಲಾದೀತೆ?

ಇಲ್ಲಿ ಸಹಾಯಕ್ಕೆ ಬರುವುದು ಬೆಳಕು. ಉಪ್ಪು ಹಾಕಿದ ಸಾರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದಾಗ ನೀಲಿ ಜ್ವಾಲೆ ಫಕ್ಕನೆ ಹಳದಿಯಾಗುವುದನ್ನು ಗಮನಿಸಿದ್ದೀರಾ? ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ದೀಪಾವಳಿಯ ಬಾಣಬಿರುಸುಗಳ ಕೆಂಪು ಸ್ಟ್ರಾನ್ಷಿಯಂನಿಂದ, ಹಸಿರು ಬೇರಿಯಂನಿಂದ ಬರುತ್ತದೆ. ಪ್ರತಿಯೊಂದು ಧಾತುವೂ ಚೆನ್ನಾಗಿ ಕಾದಾಗ ತನ್ನದೇ ಆದ ಬಣ್ಣಗಳ ಬೆಳಕನ್ನು ಸೂಸುತ್ತದೆ. ಒಬ್ಬರ ಬೆರಳಚ್ಚು ಇನ್ನೊಬ್ಬರಿಗೆ ಹೇಗೆ ಹೊಂದುವುದಿಲ್ಲವೋ ಹಾಗೆ ಒಂದು ಧಾತುವಿನ ರೋಹಿತ ಇನ್ನೊಂದಕ್ಕೆ ಹೊಂದುವುದಿಲ್ಲ. ಜರ್ಮನಿಯ ಬುನ್ಸೆನ್ ಮತ್ತು ಕಿರ್ಕಾಫ್ ಇದೇ ಉಪಾಯದಿಂದ 1860ರಲ್ಲಿ ಖನಿಜಯುಕ್ತ ಬುಗ್ಗೆಯ ನೀರಿನಲ್ಲಿ ಸೀಸಿಯಂ ಎಂಬ ಹೊಸ ಧಾತುವನ್ನೇ ಪತ್ತೆಹಚ್ಚಿದರು.

ಎಣ್ಣೆ ಪರೀಕ್ಷಿಸುವ ಉಪಕರಣವೊಂದರಲ್ಲಿ ಗ್ರಾಫೈಟಿನ ಪುಟ್ಟ ಬಿಲ್ಲೆಯೊಂದು ಎಣ್ಣೆಯಲ್ಲಿ ಅರ್ಧ ಮುಳುಗಿ ತಿರುಗುತ್ತಿರುತ್ತದೆ. ಅದರ ಮೇಲ್ಭಾಗಕ್ಕೂ ಒಂದು ಗ್ರಾಫೈಟ್ ಕಡ್ಡಿಗೂ ನಡುವೆ ವಿದ್ಯುತ್ ಕಿಡಿ ಹಾರಿಸುತ್ತಾರೆ. ಬಿಲ್ಲೆ ಹೊತ್ತು ತಂದ ಎಣ್ಣೆ ಅಲ್ಲೇ ಉರಿದು, ಅದರಲ್ಲಿದ್ದ ಲೋಹಗಳೆಲ್ಲ ಏಕಕಾಲಕ್ಕೆ ಬೆಳಗುತ್ತವೆ. ಆ ಬೆಳಕನ್ನು ಸೂಕ್ಷ್ಮ ಗೆರೆಗಳನ್ನು ಕೊರೆದ ಫಲಕದ ಮೇಲೆ ಬೀಳಿಸಿ ಬಣ್ಣಗಳನ್ನು ಬೇರ್ಪಡಿಸುತ್ತಾರೆ. ಹಳೆಯ ಸಿ.ಡಿ. ಒಂದನ್ನು ಬಿಸಿಲಿಗೆ ಹಿಡಿದಾಗ ಕಾಮನಬಿಲ್ಲು ಕಾಣುವುದೂ ಇಂಥ ಗೆರೆಗಳಿಂದಲೇ. ಯಾವ ಬಣ್ಣ ಎನ್ನುವುದರಿಂದ ಯಾವ ಲೋಹ ಎಂದೂ, ಬೆಳಕು ಎಷ್ಟು ಪ್ರಖರ ಎನ್ನುವುದರಿಂದ ಅದು ಎಷ್ಟಿದೆ ಎಂದೂ ಗೊತ್ತಾಗುತ್ತದೆ. ಹತ್ತಾರು ಧಾತುಗಳ ಲೆಕ್ಕ ಒಂದು ನಿಮಿಷದೊಳಗೆ ಮುಗಿಯುತ್ತದೆ.

ಇಷ್ಟು ಸೂಕ್ಷ್ಮ ಉಪಕರಣವಿದ್ದರೂ ಬಾಟಲಿ ಕೊಳಕಾಗಿದ್ದರೆ ಎಲ್ಲವೂ ವ್ಯರ್ಥ. ಎಂಜಿನ್ ಬಿಸಿಯಿರುವಾಗಲೇ, ಹರಿದುಬರುವ ಎಣ್ಣೆಯ ಮೊದಲ ಭಾಗವನ್ನು ಬಿಟ್ಟು, ಸುಮಾರು 100 ಮಿಲಿಲೀಟರಿನಷ್ಟನ್ನು ಒಣಗಿದ ಶುಭ್ರ ಬಾಟಲಿಯಲ್ಲಿ ಹಿಡಿಯಬೇಕು. ಇಲ್ಲವಾದರೆ ಬಾಟಲಿಯ ದೂಳೇ ಎಂಜಿನ್ನಿನ ದೂಳೆಂದು ವರದಿಯಾದೀತು! ಎಣ್ಣೆ ಹಾಕಿದ ಮೇಲೆ ಕಾರು ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನೂ ಬಾಟಲಿಯ ಮೇಲೆ ಬರೆಯಬೇಕು.

ಒಂದೇ ವರದಿ ಸಾಲದು

ಈಗ ನೀವೇ ಪತ್ತೇದಾರರಾಗಿ. ಮಣ್ಣು ರಸ್ತೆಯಲ್ಲಿ ಓಡಾಡುವ ಒಂದು ಕಾರನ್ನು ಕಲ್ಪಿಸಿಕೊಳ್ಳಿ. 5000 ಕಿಲೋಮೀಟರಿಗೊಮ್ಮೆ ಅದರ ಎಣ್ಣೆ ಬದಲಾಯಿಸಿ, ತೆಗೆದ ಎಣ್ಣೆಯನ್ನು ಪರೀಕ್ಷಿಸುತ್ತಾರೆ. ಮೂರು ಸಲದ ಫಲಿತಾಂಶ ಹೀಗಿದೆ: ಕಬ್ಬಿಣ 14, 17, 41 ಪಿಪಿಎಂ. ಅಲ್ಯೂಮಿನಿಯಂ 4, 5, 15. ಸಿಲಿಕಾನ್ 8, 9, 38. ತಾಮ್ರ ಮತ್ತು ಸೀಸ ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ.

ಮೊದಲೆರಡು ಸಲ ವಿಶೇಷವೇನೂ ಇಲ್ಲ. ಮೂರನೆಯ ಸಲ ಸಿಲಿಕಾನ್ ನಾಲ್ಕು ಪಟ್ಟಾಗಿದೆ. ಜೊತೆಗೆ ಸಿಲಿಂಡರಿನ ಕಬ್ಬಿಣ, ಪಿಸ್ಟನ್ನಿನ ಅಲ್ಯೂಮಿನಿಯಂ ಕೂಡ ಏರಿವೆ. ದೂಳು ಸಿಲಿಂಡರಿನೊಳಕ್ಕೆ ಹೋಗಿ ಅರದಂತೆ ತೇಯುತ್ತಿದೆ! ದೂಳು ಅಲ್ಲಿಗೆ ಹೋಗುವ ದಾರಿ ಯಾವುದು? ಎಂಜಿನ್ ಉಸಿರಾಡುವ ದಾರಿ. ಏರ್ ಫಿಲ್ಟರ್ ಹರಿದಿರಬೇಕು ಅಥವಾ ಸರಿಯಾಗಿ ಕೂತಿಲ್ಲ. ಕೆಲವು ನೂರು ರೂಪಾಯಿಯ ಫಿಲ್ಟರ್ ಬದಲಾಯಿಸಿದರೆ ಎಂಜಿನ್ ಉಳಿಯುತ್ತದೆ. ಕಾರು ಇನ್ನೂ ಸದ್ದು ಮಾಡಿಲ್ಲ, ಹೊಗೆ ಉಗುಳಿಲ್ಲ. ಸದ್ದು, ಹೊಗೆ ಬರುವವರೆಗೆ ಕಾದಿದ್ದರೆ ಎಂಜಿನ್ನನ್ನೇ ಬಿಚ್ಚಿ ರಿಪೇರಿ ಮಾಡಿಸಬೇಕಾಗುತ್ತಿತ್ತು, ಅದರ ಖರ್ಚು ಸಾವಿರಾರು ರೂಪಾಯಿ.

ಮೂರನೆಯ ವರದಿಯೊಂದೇ ಕೈಗೆ ಸಿಕ್ಕಿದ್ದರೆ ಇಷ್ಟು ಧೈರ್ಯವಾಗಿ ಹೇಳಲಾಗುತ್ತಿರಲಿಲ್ಲ. ಎಂಜಿನ್ನಿನ ಜೋಡಣೆಗೆ ಹಚ್ಚುವ ಅಂಟಿನಲ್ಲಿಯೂ ಸಿಲಿಕಾನ್ ಇರುತ್ತದೆ. ಹೊಸ ಎಂಜಿನ್ನಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಮೊದಲ ಸಲದ ಎಣ್ಣೆಯಲ್ಲಿ ಲೋಹ ಹೆಚ್ಚಿರುವುದು ಸಹಜ. ಕೆಲವು ಎಣ್ಣೆಗಳಿಗೆ ಕಂಪನಿಯವರೇ ಸೋಡಿಯಂ ಸಂಯುಕ್ತ ಬೆರೆಸಿರುತ್ತಾರೆ. ಆದ್ದರಿಂದ ಹೊಸ ಎಣ್ಣೆಯನ್ನೂ ಒಮ್ಮೆ ಪರೀಕ್ಷಿಸಿ, ಎಂಜಿನ್ನನ್ನು ಅದರದೇ ಹಿಂದಿನ ವರದಿಗಳೊಡನೆ ಹೋಲಿಸುವುದು ಸರಿಯಾದ ಕ್ರಮ. ಒಂದು ಅಂಕಿ ನೋಡಿ ಗಾಬರಿಯಾಗುವವರೇ ಹೆಚ್ಚು. ನೋಡಬೇಕಾದದ್ದು ಅಂಕಿ ಏರುವ ರೀತಿಯನ್ನು.

ಈ ವಿದ್ಯೆ ಶುರುವಾದದ್ದು ಕಾರುಗಳಿಗಾಗಿ ಅಲ್ಲ. 1946ರಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡ್ ವೆಸ್ಟರ್ನ್ ರೈಲ್ವೆಯ ಪ್ರಯೋಗಾಲಯದವರು ಡೀಸೆಲ್ ಎಂಜಿನ್ನುಗಳ ಎಣ್ಣೆಯಲ್ಲಿ ಲೋಹಗಳನ್ನು ಹುಡುಕಿ ದೋಷಗಳನ್ನು ಮೊದಲೇ ಕಂಡುಹಿಡಿದರು. 1950ರ ದಶಕದಲ್ಲಿ ಆ ದೇಶದ ನೌಕಾಪಡೆ ಇದನ್ನು ವಿಮಾನದ ಎಂಜಿನ್ನುಗಳಿಗೆ ಬಳಸಿತು. ನಡುದಾರಿಯಲ್ಲಿ ಕೆಟ್ಟರೆ ವಿಮಾನವನ್ನು ಪಕ್ಕಕ್ಕೆ ನಿಲ್ಲಿಸಲಾಗುವುದಿಲ್ಲವಲ್ಲ! ನಮ್ಮ ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲೂ ಎಣ್ಣೆಯ ರೋಹಿತ ಪರೀಕ್ಷೆ ರೂಢಿಗೆ ಬಂತು. ಹುಬ್ಬಳ್ಳಿ ಮತ್ತು ಕೃಷ್ಣರಾಜಪುರಂಗಳಲ್ಲಿ ಇಂಥ ಶೆಡ್‌ಗಳಿವೆ. ವಿದ್ಯುತ್ ಕಾರಿಗೆ ಎಂಜಿನ್ ಆಯಿಲ್ ಬೇಕಿಲ್ಲ, ನಿಜ. ಆದರೆ ಚಿತ್ರದುರ್ಗದ ಬೆಟ್ಟಗಳ ಮೇಲೆ ನಿಂತಿರುವಂಥ ಗಾಳಿಯಂತ್ರಗಳ ಗೇರ್‌ಬಾಕ್ಸಿನ ಎಣ್ಣೆಗೂ ಇದೇ ಪರೀಕ್ಷೆ ನಡೆಯುತ್ತದೆ.

ಎಣ್ಣೆ ತಾನೇ ಸೊರಗಿದರೆ?

ಲೋಹಗಳ ಜೊತೆಗೆ ಎಣ್ಣೆಯ ಸ್ನಿಗ್ಧತೆಯನ್ನೂ ಅಳೆಯುತ್ತಾರೆ. ಸ್ನಿಗ್ಧತೆ ಎಂದರೆ ಹರಿಯಲು ಒಡ್ಡುವ ಅಡ್ಡಿ. ಅಳೆಯುವ ಮಾನ ಸೆಂಟಿಸ್ಟೋಕ್. ನೀರಿನದು ಸುಮಾರು 1. ಡೀಸೆಲ್ ವಾಹನಗಳಿಗೆ ಹಾಕುವ ‘15ಡಬ್ಲ್ಯು-40’ ಎಣ್ಣೆಯದು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 100ಕ್ಕೂ ಹೆಚ್ಚು. ಅದೇ ಎಣ್ಣೆ 100 ಡಿಗ್ರಿಗೆ ಕಾದಾಗ 14ರ ಆಸುಪಾಸಿಗೆ ಇಳಿಯುತ್ತದೆ. ಇಂಧನ ಸೋರಿ ಎಣ್ಣೆಗೆ ಬೆರೆತರೆ ಸ್ನಿಗ್ಧತೆ ಇನ್ನೂ ಇಳಿದು ಪೊರೆ ಹರಿಯುತ್ತದೆ. ಮಸಿ ಹೆಚ್ಚಾದರೆ ಎಣ್ಣೆ ಗಟ್ಟಿಯಾಗುತ್ತದೆ.

ಇದನ್ನು ನೀವೂ ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಎತ್ತರದ ಗಾಜಿನ ಲೋಟಗಳಲ್ಲಿ ಒಂದಕ್ಕೆ ಕಡಲೆಕಾಯಿ ಎಣ್ಣೆ, ಇನ್ನೊಂದಕ್ಕೆ ಹರಳೆಣ್ಣೆ ತುಂಬಿ. ಎರಡಕ್ಕೂ ಒಂದೊಂದು ಗೋಲಿ ಬಿಡಿ. ತಳ ಮುಟ್ಟಲು ಯಾವುದು ಹೆಚ್ಚು ಹೊತ್ತು ತೆಗೆದುಕೊಂಡಿತು? ಹರಳೆಣ್ಣೆಯ ಲೋಟವನ್ನು ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಮತ್ತೆ ಪ್ರಯತ್ನಿಸಿ. ಅಂದಹಾಗೆ, ಮೊದಲನೆಯ ಮಹಾಯುದ್ಧ ಕಾಲದ ಹಲವು ವಿಮಾನಗಳ ಎಂಜಿನ್ನಿಗೆ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಆಯಿಲ್‌ನಿಂದ. ಗ್ಯಾರೇಜಿನ ಹಳೆಯ ಎಣ್ಣೆಯಲ್ಲಿ ಮಾತ್ರ ಈ ಪ್ರಯೋಗ ಮಾಡಬೇಡಿ. ಅದು ಚರ್ಮಕ್ಕೆ ಹಾನಿಕರ. ಅದನ್ನು ಚರಂಡಿಗೆ ಚೆಲ್ಲುವುದೂ ತಪ್ಪು.

ರೋಹಿತ ಪರೀಕ್ಷೆಗೂ ಒಂದು ಮಿತಿಯಿದೆ. ಸುಮಾರು 10 ಮೈಕ್ರೋಮೀಟರಿಗಿಂತ ದೊಡ್ಡ ಚೂರುಗಳು ಕಿಡಿಯಲ್ಲಿ ಪೂರ್ತಿ ಉರಿಯದೆ ಲೆಕ್ಕಕ್ಕೆ ತಪ್ಪಿಸಿಕೊಳ್ಳುತ್ತವೆ. ಒಂದು ಭಾಗ ನಿಧಾನವಾಗಿ ಸವೆಯದೆ ಚಕ್ಕೆ ಚಕ್ಕೆಯಾಗಿ ಎದ್ದುಬರುತ್ತಿದ್ದರೆ ವರದಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡೀತು. ಅದಕ್ಕಾಗಿ ಫಿಲ್ಟರನ್ನು ಕತ್ತರಿಸಿ ಬಿಡಿಸಿ ನೋಡುತ್ತಾರೆ, ಆಯಸ್ಕಾಂತದಿಂದ ಕಬ್ಬಿಣದ ಚೂರುಗಳನ್ನು ಹಿಡಿದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ.

ಕೊನೆಗೆ ನಿಮಗೊಂದು ವರದಿ. ಕಾರಿನ ಮಾಲೀಕರು ಹೇಳುತ್ತಾರೆ: “ರೇಡಿಯೇಟರಿನಲ್ಲಿ ಕೂಲೆಂಟ್ ಆಗಾಗ ಕಡಿಮೆಯಾಗುತ್ತದೆ. ಆದರೆ ಕಾರಿನ ಕೆಳಗೆ ಒಂದು ತೊಟ್ಟೂ ಸೋರಿಲ್ಲ.” ಮೂರು ಸಲದ ಪರೀಕ್ಷೆಯಲ್ಲಿ ಸೋಡಿಯಂ 6, 7, 95. ಪೊಟ್ಯಾಸಿಯಂ 2, 2, 40. ಸೀಸ 3, 4, 19. ಸಿಲಿಕಾನ್ 8, 8, 10. ಕೂಲೆಂಟ್ ಎಲ್ಲಿಗೆ ಹೋಗುತ್ತಿದೆ? ಎಂಜಿನ್ನಿನ ಯಾವ ಭಾಗಕ್ಕೆ ಆಗಲೇ ಪೆಟ್ಟು ಬೀಳುತ್ತಿದೆ? ಏರ್ ಫಿಲ್ಟರಿನ ಮೇಲೆ ಅನುಮಾನ ಪಡಬೇಕಾಗಿಲ್ಲ ಎಂದು ಯಾವ ಅಂಕಿ ಹೇಳುತ್ತದೆ? ಉತ್ತರಗಳನ್ನು ಕಾರಣ ಸಹಿತ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.